ಕರೆದವರು ಯಾರು? ನೌಕರಿಗೆ ಒಪ್ಪುವ ಮುನ್ನ ಮಾಡತಕ್ಕ ವಿಚಾರಣೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸುಗ್ಗಿಯ ಕಾಲದ ಒಂದು ಸೋಮವಾರವನ್ನೋ ಗುರುವಾರವನ್ನೋ ಕಳೆದವರು ಈ ನೋಟವನ್ನು ತಪ್ಪದೆ ಕಂಡಿರುತ್ತಾರೆ. ಖರೀದಿಗೆ ಬಂದ ವ್ಯಾಪಾರಿಯು ಚೀಲದ ಬಾಯಿಯಲ್ಲಿ ಕಾಣುವ ಕೆಂಪಿಗೆ ತೃಪ್ತನಾಗುವುದಿಲ್ಲ. ಮೊಳಕೈಯವರೆಗೆ ಕೈಯಿಳಿಸಿ ತಳದ ಕಾಯಿಯನ್ನು ಹೊರತೆಗೆಯುತ್ತಾನೆ, ಮುಷ್ಟಿಯಲ್ಲಿ ಹಿಂಡಿ ತೇವ ಎಷ್ಟಿದೆಯೆಂದು ನೋಡುತ್ತಾನೆ, ಮುರಿದು ಒಳಗಿನ ಬಣ್ಣವನ್ನೂ ಬೀಜವನ್ನೂ ಪರೀಕ್ಷಿಸುತ್ತಾನೆ, ಮೂಗಿನ ಬಳಿ ಹಿಡಿಯುತ್ತಾನೆ. ಇದು ಡಬ್ಬಿಯೋ ಕಡ್ಡಿಯೋ, ಈ ಸಲದ ಬೆಳೆಯೋ ಅಥವಾ ಹೋದ ವರ್ಷದಿಂದ ಕೋಲ್ಡ್ ಸ್ಟೋರೇಜಿನಲ್ಲಿ ಮಲಗಿದ್ದ ಮಾಲೋ ಎಂಬುದನ್ನೆಲ್ಲ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡ ಮೇಲೆಯೇ ಟೆಂಡರಿನಲ್ಲಿ ದರ ಬರೆಯುತ್ತಾನೆ. ರಾಣೇಬೆನ್ನೂರಿನ ಬೀಜದಂಗಡಿಯ ಮುಂದೆ ನಿಂತ ಅನುಭವಸ್ಥ ರೈತನೂ ಹೀಗೆಯೇ. ಪೊಟ್ಟಣದ ಮುಖದ ಮೇಲಿನ ಚಿತ್ರಕ್ಕೆ ಮರುಳಾಗದೆ, ಬೆನ್ನಿಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಲಾಟ್ ಸಂಖ್ಯೆ, ಮೊಳಕೆಯ ಶೇಕಡಾ ಪ್ರಮಾಣ, ಪರೀಕ್ಷೆಯ ದಿನಾಂಕಗಳನ್ನು ಓದಿ ನೋಡುತ್ತಾನೆ. ಮನೆಗೆ ಬಂದು ನೂರು ಕಾಳನ್ನೆಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಲೆಕ್ಕ ಹಾಕುತ್ತಾನೆ. ಬಿತ್ತಿದ ಮೇಲೂ ಖಾಲಿ ಪೊಟ್ಟಣವನ್ನೂ ರಶೀದಿಯನ್ನೂ ಬೆಳೆ ಕೈಸೇರುವವರೆಗೆ ತೊಲೆಯ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಾನೆ.

ಇಷ್ಟು ಸೂಕ್ಷ್ಮವಾದ ಪರೀಕ್ಷಾಬುದ್ಧಿಯುಳ್ಳ ಇದೇ ಮನೆಗಳಲ್ಲಿ, ಬಿ.ಕಾಂ. ಮುಗಿಸಿದ ಮಗನಿಗೋ ಡಿಪ್ಲೊಮಾ ಪಡೆದ ಮಗಳಿಗೋ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಕೆಲಸದ ಪತ್ರವೊಂದು ಮೊಬೈಲಿಗೆ ಬಂದಿಳಿದಾಗ, ಹಿರಿಯರು ಕೇಳುವ ಪ್ರಶ್ನೆಗಳು ಎರಡೇ ಎರಡು: ಪಗಾರ ಎಷ್ಟು, ಯಾವತ್ತು ಹೊರಡಬೇಕು. ಕರೆದವರು ಯಾರು ಎಂಬ ಮೂರನೆಯ ಪ್ರಶ್ನೆ, ಮೊದಲನೆಯದಾಗಬೇಕಾಗಿದ್ದ ಪ್ರಶ್ನೆ, ಬಹುಪಾಲು ಮನೆಗಳಲ್ಲಿ ಹುಟ್ಟುವುದೇ ಇಲ್ಲ. ಇದು ಅಜ್ಞಾನದಿಂದ ಆಗುವುದೆಂದು ನಾನು ಭಾವಿಸುವುದಿಲ್ಲ. ನೌಕರಿಯನ್ನು ದಾನವೆಂದು ತಿಳಿಯುವ ನಮ್ಮ ಹಳೆಯ ವಿನಯವೇ ಇದಕ್ಕೆ ಕಾರಣ. ದಾನವಾಗಿ ಬಂದ ಆಕಳ ಹಲ್ಲು ಎಣಿಸಬಾರದೆಂಬ ಮಾತು ದಾನದ ಮಟ್ಟಿಗೆ ಸರಿ. ಆದರೆ ನೌಕರಿಯು ದಾನವಲ್ಲ, ಕರಾರು. ದಿನದ ಎಂಟೊಂಬತ್ತು ಗಂಟೆಗಳನ್ನೂ ಪ್ರಾಯದ ಅತ್ಯುತ್ತಮ ವರ್ಷಗಳನ್ನೂ ಒಬ್ಬನು ಕೊಡುತ್ತಾನೆ, ಇನ್ನೊಬ್ಬನು ಅದಕ್ಕೆ ಪ್ರತಿಯಾಗಿ ದ್ರವ್ಯವನ್ನು ಕೊಡುತ್ತಾನೆ. ಅಂಕಪಟ್ಟಿ, ಆಧಾರ್, ಹಿಂದಿನ ಮಾಲಿಕರ ಪತ್ರ, ಕೆಲವೆಡೆ ಪೊಲೀಸ್ ಪರಿಶೀಲನೆ, ಇಷ್ಟನ್ನೂ ನಡೆಸಿ ನಮ್ಮ ಮಕ್ಕಳನ್ನು ತೂಗಿ ನೋಡುವವರನ್ನು ನಾವೂ ತೂಗಿ ನೋಡುವುದು ಅವಿನಯವಾಗಲಾರದು.

ವಿಚಾರಣೆಯು ಹೆಸರಿನಿಂದ ಆರಂಭವಾಗಬೇಕು. ಫಲಕದ ಮೇಲಿನ ಹೆಸರು ಬೇರೆ, ಕಾನೂನಿನ ಪುಸ್ತಕದಲ್ಲಿರುವ ಹೆಸರು ಬೇರೆ ಆಗಿರುವುದುಂಟು. ನಾಳೆ ಪಗಾರ ಬಾರದಿದ್ದರೆ ಹೊಣೆಯಾಗುವುದು ಎರಡನೆಯ ಹೆಸರೇ ಆದುದರಿಂದ ಅದನ್ನೇ ಹುಡುಕಬೇಕು. ಪ್ರೈವೇಟ್ ಲಿಮಿಟೆಡ್ ಅಥವಾ ಲಿಮಿಟೆಡ್ ಎಂದು ಬರೆದುಕೊಳ್ಳುವ ಪ್ರತಿಯೊಂದು ಕಂಪನಿಗೂ ಅಕ್ಷರ ಅಂಕಿಗಳು ಸೇರಿದ 21 ಸ್ಥಾನಗಳ ಒಂದು ಗುರುತಿನ ಸಂಖ್ಯೆಯಿರುತ್ತದೆ. 2013ರ ಕಂಪನಿ ಕಾಯಿದೆಯ ಪ್ರಕಾರ ಅದು ಕಂಪನಿಯ ಪತ್ರದ ತಲೆಬರಹದಲ್ಲಿ ಅಚ್ಚಾಗಿರಲೇಬೇಕು. ಆ ಸಂಖ್ಯೆಯನ್ನು ಓದಬಲ್ಲವನಿಗೆ ಅದೇ ಒಂದು ಜಾತಕ. ಮೊದಲಕ್ಷರ 'ಎಲ್' ಆಗಿದ್ದರೆ ಷೇರುಪೇಟೆಯಲ್ಲಿ ನಮೂದಾದ ಕಂಪನಿ, 'ಯು' ಆಗಿದ್ದರೆ ಅಲ್ಲ. ಮುಂದಿನ ಐದು ಅಂಕಿಗಳು ಉದ್ಯಮದ ಬಗೆಯನ್ನೂ, ಆಮೇಲಿನ ಎರಡಕ್ಷರಗಳು ರಾಜ್ಯವನ್ನೂ, ಅನಂತರದ ನಾಲ್ಕು ಅಂಕಿಗಳು ಕಂಪನಿ ನೋಂದಾಯಿತವಾದ ವರ್ಷವನ್ನೂ ಹೇಳುತ್ತವೆ. ಇಪ್ಪತ್ತೈದು ವರ್ಷಗಳ ಅನುಭವವೆಂದು ಹೇಳಿಕೊಳ್ಳುವ ಸಂಸ್ಥೆಯ ಸಂಖ್ಯೆಯಲ್ಲಿ 2024 ಎಂದಿದ್ದರೆ, ಹಳೆಯ ಪಾಲುದಾರಿಕೆಯೊಂದು ಈಗ ಕಂಪನಿಯಾಗಿರಲೂಬಹುದು, ಆದರೆ ಕೇಳಿ ತಿಳಿಯುವ ಪ್ರಶ್ನೆಯಂತೂ ಅಲ್ಲಿ ಹುಟ್ಟಿತು. ಕೇಂದ್ರ ಸರಕಾರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರನ್ನೋ ಸಂಖ್ಯೆಯನ್ನೋ ಕೊಟ್ಟರೆ ಕಂಪನಿಯು ಜೀವಂತವಾಗಿದೆಯೆ, ಪುಸ್ತಕದಿಂದ ಹೊಡೆದುಹಾಕಲ್ಪಟ್ಟಿದೆಯೆ, ಸಮಾಪನೆಯಲ್ಲಿದೆಯೆ, ಕೊನೆಯ ಲೆಕ್ಕಪತ್ರವನ್ನು ಯಾವ ವರ್ಷ ಸಲ್ಲಿಸಿದೆ ಎಂಬುದು ಕಾಣುತ್ತದೆ.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಕೆಲಸ ಕೊಡುವವರೆಲ್ಲ ಕಂಪನಿಗಳಲ್ಲವಷ್ಟೆ. ಬೀಜದ ವ್ಯಾಪಾರಿಗಳಲ್ಲಿಯೂ ಮೆಣಸಿನಕಾಯಿ ದಲಾಲರಲ್ಲಿಯೂ ಒಡೆತನ ಒಬ್ಬರದೋ ನಾಲ್ವರು ಪಾಲುದಾರರದೋ ಆಗಿರುತ್ತದೆ. ಅಂಥಲ್ಲಿ 15 ಸ್ಥಾನಗಳ ಜಿ.ಎಸ್.ಟಿ. ಸಂಖ್ಯೆಯನ್ನು ನೋಡಬಹುದು, ಕರ್ನಾಟಕದ ನೋಂದಣಿಯಾದರೆ ಅದು 29ರಿಂದ ಆರಂಭವಾಗುತ್ತದೆ, ಜಿ.ಎಸ್.ಟಿ. ಜಾಲತಾಣದಲ್ಲಿ ಕೊಟ್ಟರೆ ಮಾಲಿಕರ ಹೆಸರೂ ನೋಂದಣಿ ಊರ್ಜಿತದಲ್ಲಿದೆಯೆ ಎಂಬುದೂ ತಿಳಿಯುತ್ತದೆ. ಖಾಸಗಿ ಶಾಲೆಯಾದರೆ ಶಿಕ್ಷಣ ಇಲಾಖೆಯ ಮಾನ್ಯತೆ ಯಾವ ತರಗತಿಯವರೆಗೆ, ಯಾವ ವರ್ಷದವರೆಗೆ ಇದೆ ಎಂದು ಕೇಳಬೇಕು. ನರ್ಸಿಂಗ್ ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ಎಂದು.

ಇವೆಲ್ಲವುಗಳಿಗಿಂತ ನಾನು ಹೆಚ್ಚು ನೆಚ್ಚುವ ಸಾಕ್ಷಿಯೊಂದಿದೆ, ಅದು ಪಿ.ಎಫ್. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರನ್ನಿಟ್ಟುಕೊಂಡ ಸಂಸ್ಥೆ ಭವಿಷ್ಯನಿಧಿಯ ವ್ಯಾಪ್ತಿಗೆ ಬರಲೇಬೇಕು. ಭವಿಷ್ಯನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರನ್ನು ಹುಡುಕಿದರೆ, ಅದು ತಿಂಗಳು ತಿಂಗಳು ಕಟ್ಟಿದ ವಂತಿಗೆಯ ಮೊತ್ತವೂ ಎಷ್ಟು ನೌಕರರ ಪರವಾಗಿ ಕಟ್ಟಿದೆಯೆಂಬ ಸಂಖ್ಯೆಯೂ ಯಾರ ಅಪ್ಪಣೆಯೂ ಇಲ್ಲದೆ ಕಣ್ಣಿಗೆ ಬೀಳುತ್ತವೆ. ಸಂದರ್ಶನದಲ್ಲಿ ನಮ್ಮಲ್ಲಿ ಮುನ್ನೂರು ಜನರಿದ್ದಾರೆಂದು ಹೇಳಿದವರು ಪಿ.ಎಫ್. ಕಟ್ಟುವುದು ಮೂವತ್ತು ಜನರಿಗೆ ಮಾತ್ರವಾದರೆ, ಉಳಿದ ಇನ್ನೂರ ಎಪ್ಪತ್ತು ಜನರು ಯಾರು ಎಂದು ಕೇಳುವ ಅಧಿಕಾರ ನಿಮಗಿದೆ. ಕಳೆದ ಒಂದು ವರ್ಷದಲ್ಲಿ ತಿಂಗಳುಗಳು ನಡುನಡುವೆ ಬಿಟ್ಟುಹೋಗಿದ್ದರೆ ಅಥವಾ ನೌಕರರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದಿದ್ದರೆ, ಆ ಮನೆಯ ಒಲೆ ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿಯಬೇಕು. ಬಣ್ಣದ ಜಾಹೀರಾತು ಏನನ್ನು ಬೇಕಾದರೂ ಹೇಳೀತು. ಬ್ಯಾಂಕಿನ ಮೂಲಕ ಕಟ್ಟಿದ ಹಣದ ಪಟ್ಟಿಯು ಸುಳ್ಳು ಹೇಳುವುದು ಕಷ್ಟ. ಇದರೊಡನೆ ಇ.ಎಸ್.ಐ.ಯನ್ನೂ ಕೇಳಿ. ಹತ್ತು ಜನರಿರುವ ಕಾರ್ಖಾನೆ ಅಂಗಡಿಗಳಲ್ಲಿ, ತಿಂಗಳಿಗೆ 21,000 ರೂಪಾಯಿಯವರೆಗಿನ ಪಗಾರದವರಿಗೆ ಆ ವಿಮೆ ಸಲ್ಲತಕ್ಕದ್ದು. ಸಾಧಾರಣ ಕುಟುಂಬಕ್ಕೆ ಒಂದು ಶಸ್ತ್ರಚಿಕಿತ್ಸೆಯ ದಿನ ಅದರ ಬೆಲೆ ತಿಳಿಯುತ್ತದೆ.

ಪತ್ರವನ್ನು ಓದುವ ಕ್ರಮಕ್ಕೆ ಬರೋಣ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕರ್ನಾಟಕ ಕಾಯಿದೆಯು, ಕೆಲಸಕ್ಕೆ ಸೇರಿದ ಮೂವತ್ತು ದಿನಗಳೊಳಗೆ ಹುದ್ದೆ, ವೇತನ, ಷರತ್ತುಗಳನ್ನು ಕಾಣಿಸಿ ಲಿಖಿತ ನೇಮಕ ಆದೇಶ ಕೊಡಬೇಕೆಂದು ಮಾಲಿಕನಿಗೆ ವಿಧಿಸಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೇಂದ್ರದ ಕಾರ್ಮಿಕ ಸಂಹಿತೆಗಳೂ ನೇಮಕಪತ್ರವನ್ನು ಕಡ್ಡಾಯಗೊಳಿಸಿವೆ. ಆದುದರಿಂದ, ನಂಬಿಕೆಯ ಮೇಲೆ ನಡೆಯುವ ಮನೆ ನಮ್ಮದು, ಕಾಗದ ಗೀಗದ ಯಾಕೆ ಎನ್ನುವವರ ನಂಬಿಕೆಗೆ ದೂರದಿಂದಲೇ ನಮಸ್ಕರಿಸುವುದು ಲೇಸು. ಪತ್ರದಲ್ಲಿ ವರ್ಷಕ್ಕೆ ಮೂರು ಲಕ್ಷವೆಂದು ಬರೆದುದನ್ನು ಕಂಡೊಡನೆ ತಿಂಗಳಿಗೆ ಇಪ್ಪತ್ತೈದು ಸಾವಿರವೆಂದು ಮನೆಯಲ್ಲಿ ಸಿಹಿ ಹಂಚುವುದುಂಟು. ಆ ಅಂಕಿಯು ಸಂಸ್ಥೆಗೆ ತಗಲುವ ಒಟ್ಟು ವೆಚ್ಚ, ಕೈಗೆ ಬರುವ ಹಣವಲ್ಲ. ಮೂಲವೇತನ 12,500 ಎಂದಿಟ್ಟುಕೊಳ್ಳಿ: ಶೇಕಡಾ 12ರಂತೆ ಮಾಲಿಕರ ಪಾಲಿನ ಪಿ.ಎಫ್. 1,500 ಅದರೊಳಗೇ ಸೇರಿದೆ. ಗ್ರಾಚ್ಯುಟಿಯ ಹೆಸರಿನಲ್ಲಿ ಸುಮಾರು 600 ಸೇರಿದೆ. ಗುರಿ ಮುಟ್ಟಿದರೆ ಮಾತ್ರ ಕೊಡುವ ಇನ್ಸೆಂಟಿವ್ ಎಂದು 2,500 ಸೇರಿದೆಯೆಂದರೆ ಉಳಿಯುವುದು 20,400. ಅದರಿಂದ ನಿಮ್ಮ ಪಾಲಿನ ಪಿ.ಎಫ್. ಮತ್ತೆ 1,500 ಕಳೆದು, ಇ.ಎಸ್.ಐ. ವಂತಿಗೆಗಳೂ ಹೋದರೆ, ಕೈಗೆ ಬರುವುದು ಹದಿನೆಂಟು ಸಾವಿರದ ಚಿಲ್ಲರೆ. ಇದರಲ್ಲಿ ಮೋಸವೇನೂ ಇಲ್ಲ, ಪಿ.ಎಫ್. ನಿಮ್ಮದೇ ಹಣ, ಆದರೆ ಬೆಂಗಳೂರಿನ ಕೋಣೆಯ ಬಾಡಿಗೆಯನ್ನೂ ಊಟದ ಖರ್ಚನ್ನೂ ಈ ಹದಿನೆಂಟರೊಡನೆ ಹೋಲಿಸಬೇಕೇ ಹೊರತು ಆ ಇಪ್ಪತ್ತೈದರೊಡನೆ ಅಲ್ಲ. ಕೈಗೆ ಬರುವ ಮೊತ್ತವೆಷ್ಟು ಎಂದು ಬರವಣಿಗೆಯಲ್ಲಿಯೇ ಕೇಳಿರಿ. ಪ್ರೊಬೇಷನ್ ಎಷ್ಟು ತಿಂಗಳು, ಕೆಲಸ ಬಿಡುವಾಗ ಎಷ್ಟು ದಿನದ ನೋಟೀಸು, ಊರಿಂದೂರಿಗೆ ವರ್ಗ ಮಾಡಬಹುದೆ, ವಾರದ ರಜೆ ಯಾವತ್ತು ಎಂಬವೂ ಅದೇ ಪತ್ರದಲ್ಲಿರಬೇಕಾದ ಸಂಗತಿಗಳು.

ಇನ್ನು, ದೊಡ್ಡ ಕಾರ್ಖಾನೆಯೊಳಗೆ ಕೆಲಸವೆಂದು ಹೇಳಿ ಗುತ್ತಿಗೆದಾರನ ಬಳಿ ಸೇರಿಸುವ ಪದ್ಧತಿ ಎಲ್ಲ ಕೈಗಾರಿಕಾ ಊರುಗಳಲ್ಲಿಯೂ ಇದೆ. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದ ಸುತ್ತಿನ ಹಳ್ಳಿಗಳವರಿಗೆ ಕಾಯಂ ನೌಕರನಿಗೂ ಗುತ್ತಿಗೆಯವನಿಗೂ ಇರುವ ಅಂತರವನ್ನು ನಾನು ಹೇಳಬೇಕಾದುದಿಲ್ಲ. ಗೇಟಿನ ಮೇಲಿನ ಹೆಸರು ಒಂದು, ಪಗಾರದ ಚೀಟಿಯ ಮೇಲಿನ ಹೆಸರು ಮತ್ತೊಂದು. ನಿಮ್ಮ ಮಾಲಿಕನು ಚೀಟಿಯ ಮೇಲಿನವನು. ಅವನು ಕೈಯೆತ್ತಿದರೆ ಕಾರ್ಖಾನೆಯೇ ಕೂಲಿ ಕೊಡಬೇಕೆಂಬ ನಿಯಮ ಕಾನೂನಿನಲ್ಲಿದೆಯಾದರೂ, ಅದನ್ನು ನಡೆಯಿಸಿಕೊಳ್ಳಲು ಕೈಯಲ್ಲಿ ಕಾಗದವಿರಬೇಕು.

ಕಾಗದದಲ್ಲಿ ಕಾಣದ್ದು ಕಣ್ಣಿಗೆ ಕಂಡೀತು. ಸಾಧ್ಯವಾದರೆ ಆ ಊರಿಗೊಮ್ಮೆ ಹೋಗಿ ಬನ್ನಿ. ಸಂದರ್ಶನದ ದಿನವಲ್ಲ, ಯಾರೂ ನಿಮ್ಮನ್ನು ನಿರೀಕ್ಷಿಸದ ಇನ್ನೊಂದು ದಿನ. ಪಾಳಿ ಬಿಡುವ ಹೊತ್ತಿಗೆ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಒಂದು ಸಂಸ್ಥೆಯ ಶೀಲವು ಅದರ ವಾರ್ಷಿಕ ವರದಿಯಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಕೇಳತಕ್ಕ ಪ್ರಶ್ನೆ, ಕಂಪನಿ ಒಳ್ಳೆಯದೆ ಎಂಬುದಲ್ಲ. ಅದಕ್ಕೆ ಪ್ರತಿಯೊಬ್ಬನೂ ತನ್ನ ಅಂದಿನ ಮನಃಸ್ಥಿತಿಗೆ ತಕ್ಕ ಉತ್ತರ ಕೊಡುತ್ತಾನೆ. ಹೋದ ತಿಂಗಳ ಪಗಾರ ಯಾವ ತಾರೀಖಿಗೆ ಆಯಿತು? ಓಟಿ ಮಾಡಿದರೆ ಹಣ ಕೊಡುತ್ತಾರೋ, ಬರೇ ಹೊಗಳುತ್ತಾರೋ? ಈ ಜಾಗದಲ್ಲಿ ಹಿಂದೆ ಇದ್ದವರು ಏಕೆ ಬಿಟ್ಟರು, ಬಿಟ್ಟವರ ಲೆಕ್ಕ ಚುಕ್ತಾ ಆಯಿತೆ? ಇಂಥ ಪ್ರಶ್ನೆಗೆ ಸಂಗತಿಯೇ ಉತ್ತರವಾಗಿ ಬರುತ್ತದೆ. ಹೆಣ್ಣುಮಕ್ಕಳಾದರೆ ಅಲ್ಲಿ ಈಗಾಗಲೇ ದುಡಿಯುತ್ತಿರುವ ಇಬ್ಬರು ಹೆಣ್ಣುಮಕ್ಕಳನ್ನೇ ಕಂಡು, ರಾತ್ರಿ ಪಾಳಿಯ ವಾಹನ, ವಸತಿ, ದೂರು ಕೊಟ್ಟರೆ ಕೇಳುವವರಿದ್ದಾರೆಯೆ ಎಂಬುದನ್ನು ವಿಚಾರಿಸಬೇಕು; ಹತ್ತು ಜನರಿರುವ ಪ್ರತಿ ಕೆಲಸದ ಸ್ಥಳದಲ್ಲಿಯೂ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕೆಂದು ಅದನ್ನು ತಡೆಯುವ 2013ರ ಕಾಯಿದೆ ಹೇಳುತ್ತದೆ. ಒಬ್ಬರ ಮಾತಿಗೆ ಪೂರಾ ಒಲಿಯಬೇಡಿ; ಜಗಳವಾಡಿ ಬಿಟ್ಟವನಿಗೆ ಎಲ್ಲವೂ ಕಹಿ. ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಮಾತನ್ನು ಹೇಳಿದರೆ ಅದನ್ನು ನಂಬಬಹುದು.

ಹೆಸರು ದೊಡ್ಡದಾಗಿದ್ದರೆ ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ಹೊಳೆಯಾಚೆಯ ಹರಿಹರವನ್ನು ತೋರಿಸುತ್ತೇನೆ. 1941ರಲ್ಲಿ ಆರಂಭವಾಗಿ, ಲೇತ್ ಯಂತ್ರಗಳಿಗಾಗಿ ದೇಶದಲ್ಲೆಲ್ಲ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮಗನಿಗೆ ಕೆಲಸ ಸಿಕ್ಕಿತೆಂದರೆ ಮನೆತನವೇ ದಡ ಸೇರಿತೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ಬಾಗಿಲು ಮುಚ್ಚಿತು. ತೀರ ಈಚಿನ ಉದಾಹರಣೆ ಆನ್‌ಲೈನ್ ಪಾಠ ಹೇಳುವ ಬೆಂಗಳೂರಿನ ಬೈಜೂಸ್ ಕಂಪನಿ. 2020-21ರ ಲೆಕ್ಕಪತ್ರ ಬಹಳ ತಡವಾಗಿ 2022ರ ಸೆಪ್ಟೆಂಬರಿನಲ್ಲಿ ಹೊರಬಂದಾಗ ಅದರಲ್ಲಿ 4,588 ಕೋಟಿ ರೂಪಾಯಿಯ ನಷ್ಟವಿತ್ತು. 2023ರ ಜೂನಿನಲ್ಲಿ ಲೆಕ್ಕ ಪರಿಶೋಧಕರಾದ ಡೆಲಾಯ್ಟ್‌ನವರು ಹುದ್ದೆ ಬಿಟ್ಟರು. 2024ರಲ್ಲಿ ನೌಕರರ ಸಂಬಳಗಳು ತಡವಾದವು, ಆ ಜುಲೈನಲ್ಲಿ ಸಂಸ್ಥೆಯು ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ಲೆಕ್ಕ ಸಲ್ಲಿಸುವುದು ತಡವಾದ ದಿನಕ್ಕೂ ಸಂಬಳ ತಡವಾದ ದಿನಕ್ಕೂ ನಡುವೆ ಎರಡು ವರ್ಷಗಳ ಅವಕಾಶವಿದ್ದಿತು ಎಂಬುದನ್ನು ಗಮನಿಸಬೇಕು. ತಡವಾದ ಲೆಕ್ಕಪತ್ರ, ಅವಧಿಗೆ ಮುನ್ನ ಹೊರನಡೆದ ಪರಿಶೋಧಕ, ಒಬ್ಬರ ಹಿಂದೊಬ್ಬರು ಬಿಡುವ ನಿರ್ದೇಶಕರು, ಇವು ಮೂರೂ ಪತ್ರಿಕೆಗಳಲ್ಲಿಯೂ ಸಚಿವಾಲಯದ ಪುಸ್ತಕದಲ್ಲಿಯೂ ಎಲ್ಲರಿಗೂ ಕಾಣುವ ಕುರುಹುಗಳು.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಮತ್ತೊಂದು ಬಗೆಯ ನೌಕರಿ. ಊರಲ್ಲೇ ಇದ್ದುಕೊಂಡು, ಪರಿಚಿತರಿಂದ ಪಿಗ್ಮಿಯನ್ನೋ ಠೇವಣಿಯನ್ನೋ ಸಂಗ್ರಹಿಸುವ ಕೆಲಸವೆಂದು ಕೊಡುತ್ತಾರೆ. ಪದನಾಮ ಮಾತ್ರ ಅಧಿಕಾರಿಯದು. ಹೀಗೆ ಠೇವಣಿ ಕೂಡಿಸುತ್ತಿದ್ದ ವಿಜಯವಾಡದ ಅಗ್ರಿಗೋಲ್ಡ್ ಕಂಪನಿ ಕುಸಿದಾಗ ಆಂಧ್ರ, ತೆಲಂಗಾಣ, ಕರ್ನಾಟಕಗಳ ಲಕ್ಷಾಂತರ ಜನರ ಹಣ ಸಿಕ್ಕಿಬಿದ್ದಿತು. ಆ ಹಣವನ್ನು ಕೂಡಿಸಿದವರು ಆಯಾ ಊರಿನ ಏಜೆಂಟರೇ ಆಗಿದ್ದರಿಂದ, ಕಂಪನಿಯನ್ನು ಎಂದೂ ಕಾಣದ ಠೇವಣಿದಾರರು ಬಂದು ನಿಂತದ್ದು ಅವರ ಮನೆಯ ಬಾಗಿಲಲ್ಲಿ. ಪಗಾರ ಹೋದರೆ ಇನ್ನೊಂದು ಕಡೆ ದುಡಿಯಬಹುದು. ಸೋದರಮಾವನ ಹಣವನ್ನೂ ನೆರೆಮನೆಯ ವಿಧವೆಯ ಕೂಡಿಟ್ಟ ಕಾಸನ್ನೂ ತನ್ನ ಕೈಯಿಂದ ಒಯ್ದು ಮುಳುಗುವ ದೋಣಿಯಲ್ಲಿಟ್ಟವನು ಆ ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಇಂಥ ಕೆಲಸಕ್ಕೆ ಒಪ್ಪುವ ಮುನ್ನ, ಈ ಸಂಸ್ಥೆಗೆ ಸಾರ್ವಜನಿಕರಿಂದ ಠೇವಣಿ ಪಡೆಯುವ ಅನುಮತಿಯನ್ನು ಕೊಟ್ಟವರು ಯಾರು ಎಂದು ಕೇಳಿ ಉತ್ತರವನ್ನು ಕಾಗದದಲ್ಲಿ ಪಡೆಯಬೇಕು. ರಿಸರ್ವ್ ಬ್ಯಾಂಕಿನವರ 'ಸಚೇತ್' ಜಾಲತಾಣದಲ್ಲಿ ಅದನ್ನು ಪರಿಶೀಲಿಸಲು ಬರುತ್ತದೆ. ಸಹಕಾರಿಯಾದರೆ ಅದು ತನ್ನ ಸದಸ್ಯರಿಂದ ಮಾತ್ರ ಹಣ ಪಡೆಯುತ್ತಿದೆಯೆ, ಕಳೆದ ಸಾಲಿನ ಆಡಿಟ್ ವರದಿ ಏನು ಹೇಳುತ್ತದೆ ಎಂದು ನೋಡಬೇಕು. ಅನುಮತಿಯಿಲ್ಲದ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಅಂಥದಕ್ಕೆ ಜನರನ್ನು ಸೇರಿಸಿದ ಏಜೆಂಟನೂ ಅದರ ಶಿಕ್ಷೆಗೆ ಒಳಗಾಗುತ್ತಾನೆ. ಬ್ಯಾಂಕಿನ ಬಡ್ಡಿಯ ಇಮ್ಮಡಿಯನ್ನು ಕೊಡುತ್ತೇವೆನ್ನುವವರ ಕೆಲಸವನ್ನು, ಎಷ್ಟೇ ಪಗಾರವಿದ್ದರೂ, ಬೇಡವೆನ್ನಿ.

ಹಣ ಕೇಳುವವರ ವಿಷಯದಲ್ಲಿ ಹೆಚ್ಚು ಬರೆಯಬೇಕಾದುದಿಲ್ಲ. ನೋಂದಣಿ ಶುಲ್ಕ, ಲ್ಯಾಪ್‌ಟಾಪಿನ ಠೇವಣಿ, ತರಬೇತಿ ವೆಚ್ಚ, ಯಾವ ಹೆಸರಿನಿಂದಲೇ ಆಗಲಿ, ಕೆಲಸ ಕೊಡುವುದಕ್ಕೆ ಮುಂಗಡ ಹಣ ಕೇಳಿದರೆ ಅಲ್ಲಿಗೆ ವಿಚಾರಣೆ ಮುಗಿಯಿತು. ಪ್ರಸಿದ್ಧ ಕಂಪನಿಯ ಮುದ್ರೆಯುಳ್ಳ ಪತ್ರವು ಜಿಮೇಲ್ ವಿಳಾಸದಿಂದ ಬಂದಿದ್ದರೆ, ಆ ಕಂಪನಿಯ ಸ್ವಂತ ಜಾಲತಾಣದಲ್ಲಿರುವ ದೂರವಾಣಿಗೆ ಕರೆಮಾಡಿ ಕೇಳಬೇಕೇ ಹೊರತು ಪತ್ರದಲ್ಲಿರುವ ಸಂಖ್ಯೆಗೆ ಅಲ್ಲ. ಹಣ ಕೊಟ್ಟು ಮೋಸಹೋದವರು ನಾಚಿಕೊಂಡು ಸುಮ್ಮನಿರದೆ ಒಡನೆಯೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ಹಣವನ್ನು ತಡೆಹಿಡಿಯುವ ಸಂಭವ ಹೆಚ್ಚು. ಅಂಕಪಟ್ಟಿಗಳ ಮೂಲಪ್ರತಿಯನ್ನು ಇಟ್ಟುಕೊಳ್ಳುತ್ತೇವೆ ಎನ್ನುವವರಿಗೆ ತೋರಿಸಿ ಮರಳಿ ಪಡೆಯಿರಿ, ಒಪ್ಪಿಸಬೇಡಿ. ಬಾಂಡಿಗೆ ಬೆಲೆಯಿಲ್ಲ, ಸಹಿ ಮಾಡಿ ಬಿಡು ಎಂಬ ಗೆಳೆಯರ ಉಪದೇಶವೂ ಅಪಾಯಕರವೇ: ಮೂರು ವರ್ಷ ತುಂಬುವ ಮುನ್ನ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ.

ವಿದೇಶದ ಕೆಲಸವಾದರೆ ಎಚ್ಚರಿಕೆ ನೂರ್ಮಡಿಯಾಗಬೇಕು. 2023ರ ಕೊನೆಯಲ್ಲಿ ಭದ್ರತಾ ಸಿಬ್ಬಂದಿಯ ಕೆಲಸವೆಂದು ನಂಬಿ ರಷ್ಯಾಕ್ಕೆ ಹೊರಟ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿ, 2024ರ ಸೆಪ್ಟೆಂಬರಿನಲ್ಲಿ ಮರಳಿ ಬಂದರು. ಡೇಟಾ ಎಂಟ್ರಿಯ ಹೆಸರಿನಲ್ಲಿ ಕಾಂಬೋಡಿಯ, ಲಾವೋಸ್, ಮ್ಯಾನ್ಮಾರ್‌ಗಳಿಗೆ ಕರೆದೊಯ್ದು ವಂಚನೆಯ ಕರೆಗಳನ್ನು ಮಾಡಿಸುವ ಜಾಲಗಳಿಂದ ಭಾರತೀಯರನ್ನು ಬಿಡಿಸಿ ತಂದುದನ್ನೂ ನಾವು ಓದಿದ್ದೇವೆ. 1983ರ ವಲಸೆ ಕಾಯಿದೆಯಂತೆ ಹೊರದೇಶಕ್ಕೆ ಜನರನ್ನು ಕಳಿಸುವ ಏಜೆಂಟನಿಗೆ ಸರಕಾರದ ನೋಂದಣಿ ಇರಬೇಕು. 'ಇ-ಮೈಗ್ರೇಟ್' ಜಾಲತಾಣದಲ್ಲಿ ಅವನ ಹೆಸರನ್ನು ನೋಡಬಹುದು. ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಪ್ರವಾಸಿ ವೀಸಾದಲ್ಲಿ ಮೊದಲು ಹೋಗು, ಅಲ್ಲಿ ಬದಲಾಯಿಸಿಕೊಡುತ್ತೇವೆ ಎಂಬ ಮಾತು ಬಂದ ಕ್ಷಣ ಪಾಸ್‌ಪೋರ್ಟನ್ನು ಜೇಬಿಗೆ ಹಾಕಿಕೊಂಡು ಎದ್ದುಬನ್ನಿ.

ಇಷ್ಟನ್ನೂ ಮಾಡಲು ಸಮಯವೆಲ್ಲಿ, ನಾಳೆಯೇ ಒಪ್ಪಿಗೆ ಬೇಕೆನ್ನುತ್ತಾರೆ ಎಂದು ತರುಣರು ಹೇಳುವುದನ್ನು ಬಲ್ಲೆ. ಮನೆಯ ಹಿರಿಯರೊಡನೆ ಮಾತಾಡಿ ನಾಲ್ಕು ದಿನಗಳಲ್ಲಿ ತಿಳಿಸುತ್ತೇನೆ ಎಂದು ವಿನಯದಿಂದ ಬರೆದ ಎರಡು ಸಾಲಿಗೆ, ಯೋಗ್ಯವಾದ ಯಾವ ಸಂಸ್ಥೆಯೂ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೆ ನಿಮ್ಮ ಪ್ರಶ್ನೆಗಳಿಗೆಲ್ಲ ಒಂದೇ ಉತ್ತರ ದೊರೆತಂತಾಯಿತು. ಕರಾರಿನ ಭಾಷೆ ತಿಳಿಯದಿದ್ದರೆ ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು, 15100ಕ್ಕೆ ಕರೆಮಾಡಿಯೂ ಕೇಳಬಹುದು. ಎಲ್ಲವೂ ಸರಿಯೆಂದು ಕಂಡು ಹೊರಟ ದಿನ ಒಂದು ಕೆಲಸ ಮಾಡಿ: ನೇಮಕಪತ್ರ, ಒಪ್ಪಿದ ಷರತ್ತುಗಳು, ಸಂಸ್ಥೆಯ ಪೂರ್ಣ ಹೆಸರು ಮತ್ತು ವಿಳಾಸ, ನಿಮ್ಮನ್ನು ಕರೆದವರ ದೂರವಾಣಿ ಸಂಖ್ಯೆ, ಇವುಗಳ ಒಂದೊಂದು ಪ್ರತಿಯನ್ನು ಅಪ್ಪನ ಕೈಯಲ್ಲಿ ಕೊಟ್ಟು ಹೋಗಿ. ಬೀಜದ ರಶೀದಿಯನ್ನು ಸಿಕ್ಕಿಸಿಟ್ಟ ತೊಲೆಯ ಸಂದಿಯಲ್ಲಿ ಅವನ್ನೂ ಇಡಲು ಸ್ಥಳವಿದೆ.